ಒಳಗೆ ಯಾರೂ ಇಲ್ಲ, ಆದರೂ ಚಿಲಕ

ಬೆಳಕು ಹರಿಯುವ ಹೊತ್ತು. ಸರ್ಕಾರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೆಂಗಸೊಬ್ಬರು ಪ್ಲಗ್ ಕೀಳುತ್ತಾರೆ, ಹಾಕುತ್ತಾರೆ, ಮತ್ತೆ ಕೀಳುತ್ತಾರೆ. ಎದುರಿಗಿರುವುದು ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಹೊರಗೆ ಗುಜರಿ ಲಾರಿ ಕಾದಿದೆ. ಪೆಟ್ಟಿಗೆ ಪ್ರತಿ ಸಲವೂ ಎದ್ದರೆ ಇದೂ ಇದೇ ಮಾಡೆಲ್‌ನ ಉಳಿದವೂ ವಾರ್ಡಿಗೆ ವಾಪಸ್. ಒಮ್ಮೆ ಮಲಗಿಬಿಟ್ಟರೂ ಎಲ್ಲವೂ ಲಾರಿಗೆ. ಮೇಲೆ ವಾರ್ಡಿನಲ್ಲಿ ಈಗ ಒಂದೊಂದು ಪೆಟ್ಟಿಗೆಯಲ್ಲಿ ಎರಡೆರಡು ಕೂಸು.

ನರ್ಸುಗಳ ಬಾಯಲ್ಲಿ ಇವರು ‘ಪ್ಲಗ್ಗಕ್ಕ’. ಯಂತ್ರಗಳೊಳಗಿನ ಪ್ರೋಗ್ರಾಂ ಸರಿಪಡಿಸುವುದು ಕೆಲಸ. ಹನ್ನೊಂದು ವರ್ಷ ದುಡಿದರೂ ಇನ್ನೂ ಗುತ್ತಿಗೆಯವರು. ಪೆಟ್ಟಿಗೆ ಮಾರಿದ ಕಂಪನಿಯದು ಒಂದೇ ಪಲ್ಲವಿ: ಮಾಡೆಲ್ ಹಳೆಯದು, ಹೊಸದು ಕೊಳ್ಳಿ. ಮಾರುವಾಗ ಬೆಣ್ಣೆ ಮಾತು. ಕೆಟ್ಟಾಗ ಎಂಜಲ ಕೈಯಲ್ಲಿ ಕಾಗೆಯನ್ನೂ ಓಡಿಸರು. ಹೊಸದು ಬರುವತನಕ ಕೂಸುಗಳಿಗೆ ಯಾರ ಮೈ ಬಿಸಿ, ಸ್ವಾಮಿ?

ಪೆಟ್ಟಿಗೆಯ ಕಂಪ್ಯೂಟರಿಗೆ ಬರೆದಿಡಲು ಇರುವುದು ಉಗುರಿನಷ್ಟು ಒಂದೇ ಚಿಪ್. ಕರೆಂಟು ಬಂದೊಡನೆ ಮೊದಲು ಏಳುವ ಫರ್ಮ್‌ವೇರ್‌ಗೂ ಅದೇ ಬೇಕು. ಅದು ಎಬ್ಬಿಸಿದ ಮೇಲೆ ಯಂತ್ರ ನಡೆಸುವ ಕರ್ನಲ್‌ಗೂ ಅದೇ ಬೇಕು. ಇಬ್ಬರೂ ಒಟ್ಟಿಗೆ ಬರೆಯಹೋಗಿ ಎಲ್ಲವೂ ಕಲಸುಮೇಲೋಗರ. ಅಕ್ಕ ಚಿಪ್‌ನಲ್ಲೇ ಒಂದು ಗುರುತಿಟ್ಟರು, ಚಿಲಕದಂತೆ: ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಬೇಕು. ಕೆಲವು ವಾರ ಎಲ್ಲ ಸರಾಗ. ಒಂದು ದಿನ ಕರೆಂಟು ಹೋಗಿ ಬಂತು, ಪೆಟ್ಟಿಗೆ ಏಳಲಿಲ್ಲ. ಒಳಗಿದ್ದ ಕೂಸನ್ನು ನರ್ಸ್ ಎದೆಗವಚಿಕೊಂಡು ಓಡಿದರು. ಈ ಮಾಡೆಲ್‌ನವನ್ನೆಲ್ಲ ಗುಜರಿಗೆ ಹಾಕಿ ಎಂದು ಮೇಲಿನಿಂದ ಆದೇಶ ಬಂತು.

“ನಮ್ಮನೆ ಬಚ್ಚಲಿಗೆ ಎರಡು ಬಾಗಿಲು,” ಅಕ್ಕ ಹೇಳುತ್ತಾರೆ. “ಒಂದು ನಮ್ಮ ಕಡೆ, ಒಂದು ಓರಗಿತ್ತಿ ಕಡೆ. ಸ್ನಾನಕ್ಕೆ ಹೋದೋರು ಆ ಕಡೆ ಬಾಗಿಲಿಗೆ ಚಿಲಕ ಹಾಕ್ತೀವಿ, ಬರೋವಾಗ ತೆಗೆಯೋದು ಮರೀತೀವಿ. ಅವತ್ತು ಓರಗಿತ್ತಿ ಬಾಗಿಲು ಬಡಿದಳು ನೋಡಿ, ‘ಒಳಗೆ ಯಾರೂ ಇಲ್ಲ, ಆದ್ರೂ ಚಿಲಕ! ದೆವ್ವ ಏನಾದ್ರೂ ಸ್ನಾನ ಮಾಡ್ತಿದೆಯೇನೇ?’ ಸ್ನಾನ ಮುಗಿಸಿ ಈಚೆ ಬಂದಿದ್ದೆ, ಸೋಪು ಇನ್ನೂ ಕೈಯಲ್ಲೇ ಇತ್ತು, ಆಗಲೇ ಹೊಳೀತು.”

ಚಿಪ್‌ನಲ್ಲೂ ಆಗಿದ್ದು ಅದೇ. ಕರ್ನಲ್ ಬರೆಯುತ್ತಿದ್ದಾಗಲೇ ಕರೆಂಟು ಹೋಯಿತು. ಕರ್ನಲ್ ಆರಿತು, ಅದು ಹಾಕಿದ ಚಿಲಕ ಉಳಿಯಿತು. ಮತ್ತೆ ಎದ್ದ ಫರ್ಮ್‌ವೇರ್ ಇಲ್ಲದವರಿಗಾಗಿ ಕಾದು ಕೂತಿತು. ಈಗ ಹೊಸ ನಿಯಮ: ಏಳುತ್ತಲೇ ಫರ್ಮ್‌ವೇರ್ ಹಳೇ ಚಿಲಕ ತೆಗೆಯಬೇಕು, ಅರೆಬರೆ ಬರಹ ಒರೆಸಬೇಕು, ಆಮೇಲೆಯೇ ಕರ್ನಲ್ ಎಬ್ಬಿಸಬೇಕು.

ಲಾರಿ ಡ್ರೈವರ್ ಇಣುಕುತ್ತಾನೆ. “ಏನಮ್ಮಾ, ಹೆಣಕ್ಕೆ ಸಿಂಗಾರ ಇನ್ನೂ ಮುಗೀಲಿಲ್ವಾ?”

“ಹೋಗಿ ಟೀ ಕುಡ್ಕೊಂಡು ಬಾರಪ್ಪ. ಖಾಲಿ ಲಾರಿ ಓಡಿಸೋಕೂ ತ್ರಾಣ ಬೇಕು.”

ಚಿಪ್‌ಗೆ ಬರೆಯುತ್ತಿರುವುದನ್ನು ತೋರುವ ದೀಪ ಮಿನುಗಿದ ಕ್ಷಣಕ್ಕೇ ಅಕ್ಕ ಕೊನೆಯ ಸಲ ಪ್ಲಗ್ ಕೀಳುತ್ತಾರೆ. ಹಾಕುತ್ತಾರೆ. ಕೀಂ ಎನ್ನುತ್ತದೆ ಪೆಟ್ಟಿಗೆ. ಪಕ್ಕದಲ್ಲೇ ನಿಂತಿದ್ದ ಹಿರಿಯ ನರ್ಸ್ ಒಳಗೆ ಅಂಗೈಯಿಟ್ಟು ಕಿರುಚುತ್ತಾರೆ, “ಬೆಚ್ಚಗಾಗ್ತಿದೆ ಕಣೇ!”

ಪೆಟ್ಟಿಗೆಗಳು ಒಂದರ ಹಿಂದೊಂದು ಮೇಲೇರುತ್ತವೆ. ಬಂದ ದಾರಿಗೆ ಸುಂಕವಿಲ್ಲವೆಂದು ಲಾರಿ ಬರಿಗೈಲಿ ಹಿಂತಿರುಗುತ್ತದೆ. ಈ ಕೈಗಳನ್ನು ಖಾಯಂ ಮಾಡಲು ಸರ್ಕಾರಕ್ಕೆ ಇನ್ನೇನು ಸಾಕ್ಷಿ ಬೇಕು?

ನಿಮಗೇನು ಬೇಕಕ್ಕಾ ಎಂದರೆ ನಗುತ್ತಾರೆ. “ಖಾಯಂ ಮಾಡಿದ್ರೆ ಬೇಡ ಅಂತೀನಾ? ಸದ್ಯಕ್ಕೆ ಒಬ್ಬ ಬಡಗೀನ ಹುಡುಕಿಕೊಡಿ. ಇಲ್ಲಿ ಎಲ್ಲಾ ಚಿಲಕ ತೆಗೆಸಿದೆ. ನಸುಕಲ್ಲೇ ಸ್ನಾನ ಮಾಡಿ ಅವಸರದಲ್ಲಿ ಬಂದೆ, ಮನೇಲಿ ಓರಗಿತ್ತಿ ಇನ್ನೂ ಬಾಗಿಲು ಬಡೀತಾ ಇರ್ತಾಳೆ.”