ಎಂಟನೇ ನಂಬರಿನ ಹಾಸಿಗೆ

ನನ್ನ ಗಂಡ ಬಿಕ್ಕೋಡಿನ ಕಡೆಯ ತೋಟವೊಂದರಲ್ಲಿ ಕಾಳುಮೆಣಸು ಬಿಡಿಸಲು ಬಳ್ಳಿ ಹಬ್ಬಿದ ಸಿಲ್ವರ್ ಮರ ಹತ್ತಿದ್ದಾಗ ಏಣಿ ಜಾರಿ ಬಿದ್ದು ಸತ್ತ. ಆಗ ನನಗೆ ಇಪ್ಪತ್ತೆರಡು ವರ್ಷ, ಮಗಳಿಗೆ ಒಂದೂವರೆ. ಅವಳನ್ನು ಸೊಂಟಕ್ಕೇರಿಸಿಕೊಂಡು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ, ಅಪ್ಪನ ಮನೆಗೆ ವಾಪಸು ಬಂದೆ. ತೊಂಬತ್ತರ ದಶಕದ ಕೊನೆ ಅದು. ಅಪ್ಪ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಗಳು ನಾನೊಬ್ಬಳೇ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಎರಡನೇ ಸಲಕ್ಕೆ ಪಾಸಾದದ್ದು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅರಸೀಕೆರೆಯ ಸಮುದಾಯ ಕಾಲೇಜಿನಲ್ಲಿ ನರ್ಸ್ ಸಹಾಯಕಿಯರ ತರಬೇತಿ ಕೊಡುತ್ತಾರೆ, ಒಂದು ವರ್ಷದ್ದು, ಇರಲು ಹಾಸ್ಟೆಲ್ಲೂ ಇದೆ ಎಂದು ಹೇಳಿದ್ದು ಮನೆಮನೆಗೆ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ. ಅಪ್ಪನೇ ಹೋಗಿ ಅರ್ಜಿ ತಂದ. ಮಗಳನ್ನು ಅವ್ವನ ಮಡಿಲಿಗೆ ಹಾಕಿ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ಇದೂ ಕೈಬಿಟ್ಟರೆ ನನಗೆ ಬೇರೆ ದಾರಿಯೇ ಇಲ್ಲ ಎನ್ನುವುದು ಆ ದಿನವೇ ಗೊತ್ತಿತ್ತು.

ರೈಲ್ವೆ ಸ್ಟೇಷನ್ನಿನ ಹಿಂದಿನ ಎರಡು ಕೋಣೆಗಳೇ ಆ ಕಾಲೇಜು. ಮೊದಲ ಆರು ತಿಂಗಳು ಆಳೆತ್ತರದ ರಬ್ಬರ್ ಗೊಂಬೆಯೊಂದಕ್ಕೆ ಸ್ನಾನ ಮಾಡಿಸಿದೆವು. ನಾಡಿ ಎಣಿಸುವುದು, ಕಂಕುಳಲ್ಲಿ ಥರ್ಮಾಮೀಟರ್ ಇಡುವುದು, ರೋಗಿ ಮಲಗಿದ್ದಂತೆಯೇ ಅವರ ಕೆಳಗಿನ ಒದ್ದೆ ಬಟ್ಟೆ ಬದಲಿಸುವುದು, ಎಲ್ಲವನ್ನೂ ಕಲಿತೆ. ಪಾಠದಲ್ಲಿ ಹಿಂದಿದ್ದರೂ ಕೈಕೆಲಸದಲ್ಲಿ ನಾನು ಮುಂದಿದ್ದೆ.

ಆಮೇಲೆ ನಮ್ಮನ್ನು ಅರಸೀಕೆರೆಯದೇ ಒಂದು ಆಸ್ಪತ್ರೆಯ ವಾರ್ಡಿಗೆ ಕಳಿಸಿದರು. ಕೊನೆಯ ತಿಂಗಳು ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿ. ಆ ತಿಂಗಳು ಮುಗಿಯುವಾಗ ಕಾಲೇಜಿನ ಮೇಲ್ವಿಚಾರಕಿ ಪಕ್ಕದಲ್ಲಿ ನಿಂತು, ನಾವು ರೋಗಿಗೆ ಹಾಸಿಗೆಯಲ್ಲೇ ಸ್ನಾನ ಮಾಡಿಸುವುದನ್ನು ನೋಡಿ ಪಾಸು ಫೇಲು ಬರೆಯುತ್ತಿದ್ದರು. ನನಗೆ ಬಂದದ್ದು ಎಂಟನೇ ನಂಬರಿನ ಹಾಸಿಗೆ. ಸೊಂಟದ ಮೂಳೆ ಮುರಿದುಕೊಂಡ, ಬೇಲೂರು ಕಡೆಯ ಗೆಂಡೆಹಳ್ಳಿಯ ಅಜ್ಜಿ. ಮಗ ರೈಲ್ವೆಯಲ್ಲಿ ಕೆಲಸಕ್ಕಿದ್ದುದರಿಂದ ಅರಸೀಕೆರೆಗೇ ಕರೆತಂದಿದ್ದರು.

ಮೊದಲ ದಿನವೇ ಅಜ್ಜಿ ಕೇಳಿದರು: "ಯಾವೂರವ್ವ ನಿಂದು? ಯಾರ ಪೈಕಿ?"

ಹಿಂದಿನ ವಾರ ಅದೇ ವಾರ್ಡಿನಲ್ಲಿ ಒಬ್ಬ ಹೆಂಗಸು ನಮ್ಮ ಬ್ಯಾಚಿನ, ನಮ್ಮ ಜಾತಿಯದೇ ಹುಡುಗಿಯೊಬ್ಬಳ ಕೈಯಿಂದ ನೀರು ಕುಡಿಯದೆ ಮುಖ ತಿರುಗಿಸಿದ್ದಳು. ಆ ಹುಡುಗಿ ಮೂರೇ ದಿನದಲ್ಲಿ ಟ್ರಂಕು ಎತ್ತಿಕೊಂಡು ಊರಿಗೆ ಹೋದಳು. ನನಗೆ ಹೋಗಲು ಸಾಧ್ಯವಿರಲಿಲ್ಲ.

"ಹಳೇಬೀಡು ಅಜ್ಜಿ. ಗೌಡ್ರ ಪೈಕಿ," ಎಂದುಬಿಟ್ಟೆ.

ಆ ಸುಳ್ಳಿನ ಮೇಲೆ ಒಂದು ತಿಂಗಳು ಬದುಕಿದೆ. ಅಜ್ಜಿ ಬೇರೆ ಯಾರಿಗೂ ಮೈ ಮುಟ್ಟಲು ಬಿಡುತ್ತಿರಲಿಲ್ಲ. "ನಿನ್ನ ಕೈ ಹಗುರ ಕಣವ್ವ," ಎನ್ನುತ್ತಿದ್ದರು. ಸೊಸೆ ತಂದ ಕೋಡುಬಳೆಯನ್ನು ಮುರಿದು ಅರ್ಧ ನನ್ನ ಅಂಗೈಗೆ ಇಡುತ್ತಿದ್ದರು. ನಾನು ಅದನ್ನು ಅವರ ಎದುರೇ ತಿನ್ನುತ್ತಿದ್ದೆ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಜ್ಜಿಗೆ ಗಂಜಿ ಕುಡಿಸುತ್ತಿದ್ದೆ. ಬಾಗಿಲಲ್ಲಿ ಅಪ್ಪ ಬಂದು ನಿಂತ. ಚಪ್ಪಲಿ ಹೊರಗೆ ಬಿಟ್ಟಿದ್ದ. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಬಂದಿತ್ತು.

"ಯಾರವ್ವ ಅದು? ನಿನ್ನೇ ನೋಡ್ತಾ ನಿಂತವ್ನೆ," ಎಂದರು ಅಜ್ಜಿ.

"ನಮ್ಮನೆ ಆಳು ಅಜ್ಜಿ."

ಅಪ್ಪನಿಗೆ ಕೇಳಿಸಿತು. ನನ್ನ ಮುಖ ನೋಡಿದ, ಹಾಸಿಗೆ ನೋಡಿದ, ನನ್ನ ಕೈಯಲ್ಲಿದ್ದ ಚಮಚ ನೋಡಿದ. ಎಲ್ಲ ಅರ್ಥವಾಯಿತು ಅವನಿಗೆ.

"ಹೂಂ ಕಣವ್ವ, ಇವ್ರ ಮನೇಲೇ ಇರೋದು," ಎಂದು ಅಜ್ಜಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. "ಮಗೀಗೆ ಜ್ವರ ಬಿಟ್ಟಿಲ್ಲ ಅಮ್ಮಾರೇ. ಉಸ್ರಾಡಕ್ಕೇ ಆಯ್ತಾ ಇಲ್ಲ. ಬೇಲೂರು ಆಸ್ಪತ್ರೆಗೆ ಸೇರ್ಸವ್ರೆ. ತಿಳಿಸ್ಬಿಟ್ಟು ಬಾ ಅಂದ್ರು ಅವ್ವಾರು."

ಹುಟ್ಟಿದಂದಿನಿಂದ ನನ್ನನ್ನು 'ಮಗಾ' ಎಂದು ಕರೆದವನು ಅಪ್ಪ. ನಾನು ಎದ್ದು ಅವನ ಕಾಲು ಹಿಡಿಯಬೇಕಿತ್ತು. ಹಾಗೆ ಮಾಡದೆ ಬಟ್ಟಲಲ್ಲಿ ಉಳಿದಿದ್ದ ಗಂಜಿಯನ್ನು ಅಜ್ಜಿಗೆ ಕುಡಿಸಿ ಮುಗಿಸಿದೆ. ಹೊರಗೆ ಬಂದು ನೋಡಿದರೆ ಅಪ್ಪ ಇರಲಿಲ್ಲ.

ಮೇಲ್ವಿಚಾರಕಿಯ ಹತ್ತಿರ ಓಡಿದೆ. ಅವರೇನೂ ಕೆಟ್ಟವರಲ್ಲ. "ಹೋಗಬೇಡ ಅನ್ನಲ್ಲಮ್ಮ. ಆದ್ರೆ ಬೆಳಿಗ್ಗೆ ಏಳೂವರೆಗೆ ನಿನ್ನ ಪರೀಕ್ಷೆ. ತಪ್ಪಿಸಿಕೊಂಡ್ರೆ ಮುಂದಿನ ಬ್ಯಾಚಿನ ಜೊತೇಲೇ," ಎಂದರು. ಹೋದರೆ ಅಷ್ಟೊತ್ತಿಗೆ ವಾಪಸು ಬರುವಂತಿರಲಿಲ್ಲ, ಬೇಲೂರಿನಿಂದ ಬೆಳಗಿನ ಮೊದಲ ಬಸ್ಸು ಅರಸೀಕೆರೆಗೆ ಬರುತ್ತಿದ್ದುದೇ ಒಂಬತ್ತಕ್ಕೆ.

ನಾನು ಹೋಗಲಿಲ್ಲ. ಇದನ್ನು ಮೆದುಮಾಡಿ ಹೇಳಲು ನನಗೆ ಬರುವುದಿಲ್ಲ. ಮಗಳು ಉಸಿರಿಗೆ ಒದ್ದಾಡುತ್ತಿದ್ದಳು, ನಾನು ಆ ಮಧ್ಯಾಹ್ನ ಇಬ್ಬರಿಗೆ ಉಗುರು ಕತ್ತರಿಸಿ, ನಾಲ್ಕು ಹಾಸಿಗೆಗಳ ಬಟ್ಟೆ ಬದಲಿಸಿದೆ.

ಬೆಳಿಗ್ಗೆ ಬೇಸಿನ್ನಿನಲ್ಲಿ ನೀರು ತುಂಬಿ, ಮೊಣಕೈ ಅದ್ದಿ ಬಿಸಿ ನೋಡಿ ಶುರುಮಾಡಿದೆ. ಮೇಲ್ವಿಚಾರಕಿ ಪುಸ್ತಕ ಹಿಡಿದು ಮಂಚದ ಪಕ್ಕ ನಿಂತಿದ್ದರು. ಮುಖ, ಕತ್ತು, ತೋಳು ಮುಗಿಯಿತು. ಮುರಿದ ಕಡೆಗೆ ನೋವಾಗದಂತೆ ಅಜ್ಜಿಯನ್ನು ಮಗ್ಗುಲಾಗಿ ಹೊರಳಿಸಿ ಬೆನ್ನು ಒರೆಸತೊಡಗಿದೆ. ಗೋಡೆಯ ಕಡೆ ಮುಖಮಾಡಿ ಮಲಗಿದ್ದ ಅಜ್ಜಿ ಅಂದರು: "ನಿಮ್ಮ ಆಳು ಒಳ್ಳೇನು ಕಣವ್ವ. ನಿನ್ನೆ ನೀನು ತಲೆ ತಗ್ಗಿಸಿದ್ದೆ, ನೋಡ್ಲಿಲ್ಲ. ಕಣ್ತುಂಬ ನೀರು ತುಂಬ್ಕೊಂಡು ಹೋದ."

ನನ್ನ ಕೈ ನಿಂತುಹೋಯಿತು. "ಅವ್ರು ಆಳಲ್ಲ ಅಜ್ಜಿ. ನಮ್ಮಪ್ಪ. ನಾವು ಬಸ್ತಿಹಳ್ಳಿ ಕೇರಿಯೋರು."

ನನ್ನ ಅಂಗೈ ಕೆಳಗೆ ಅಜ್ಜಿಯ ಬೆನ್ನು ಬಿಗಿಯಾಯಿತು.

"ಕೈ ತೆಗಿ," ಎಂದರು.

"ಸೋಪಿನ ನೀರು ಹಾಗೇ ಐತೆ ಅಜ್ಜಿ, ಒರೆಸಿಬಿಡ್ತೀನಿ."

"ತೆಗಿ ಅಂದ್ನಲ್ಲ."

ಮೇಲ್ವಿಚಾರಕಿ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಒರೆಸಿ ಮುಗಿಸಿದರು. ಪುಸ್ತಕದಲ್ಲಿ 'ಅಪೂರ್ಣ' ಎಂದು ಬರೆದರು. ನನ್ನನ್ನು ಬಯ್ಯಲಿಲ್ಲ, ಅಜ್ಜಿಗೂ ಏನೂ ಹೇಳಲಿಲ್ಲ.

ಬೇಲೂರು ತಲುಪುವಾಗ ಮಧ್ಯಾಹ್ನ ದಾಟಿತ್ತು. ಮಗಳ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ್ದರು. ನ್ಯುಮೋನಿಯಾ. ನಾಡಿ ಹಿಡಿದು ಎಣಿಸಲು ಹೋದೆ, ನಡುವೆ ಎಣಿಕೆ ತಪ್ಪಿತು, ಮತ್ತೆ ಎಣಿಸಿದೆ, ಮತ್ತೆ ತಪ್ಪಿತು. ಅವ್ವ ನನ್ನ ಮುಖ ನೋಡದೆ, "ಈಗ ಬಂದ್ಯಾ?" ಎಂದಳು. ಇನ್ನೆರಡು ದಿನ ಮಗು ಕಣ್ಣು ಬಿಡಲಿಲ್ಲ. ಮೂರನೇ ದಿನ ಬಿಟ್ಟಿತು. ನನ್ನನ್ನು ನೋಡಿ ಗುರುತು ಹತ್ತದೆ ಅವ್ವನ ಸೆರಗು ಹಿಡಿಯಿತು.

ಅಪ್ಪ ವರಾಂಡದಲ್ಲಿ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವನ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ.

"ಯಾಕ್ ಹೇಳ್ದೆ?" ಎಂದ.

"ನಿಂಗೋಸ್ಕರ ಕಣಪ್ಪ."

"ನಾನೇ ಆಳು ಅಂತ ಒಪ್ಕಂಡು ಬಂದಿರ್ಲಿಲ್ವಾ? ಯಾಕ್ ಒಪ್ಕಂಡೆ? ನೀನು ಪಾಸಾಗ್ಲಿ ಅಂತ. ಇನ್ನೊಂದ್ ಗಳಿಗೆ ಬಾಯ್ ಮುಚ್ಕಂಡಿದ್ದಿದ್ರೆ ಮುಗ್ದೋಗದು. ಅದನ್ನೂ ಹಾಳ್ಮಾಡ್ಕಂಡು ಬಂದ್ಯಲ್ಲ!"

ಅಷ್ಟು ಜೋರಾಗಿ ಅವನು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಎಷ್ಟೋ ವಾರ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತು.

ಮುಂದಿನ ಬ್ಯಾಚಿನಲ್ಲಿ ಮತ್ತೆ ವಾರ್ಡಿಗೆ ಹೋದೆ. ಈ ಸಲ ಸಿಕ್ಕಿದವರು ಲಕ್ವ ಹೊಡೆದು ಮಾತು ನಿಂತಿದ್ದ ಹೆಂಗಸು. ಅವರು ನನ್ನ ಪೈಕಿ ಕೇಳಲಿಲ್ಲ. ಕೇಳಲು ನಾಲಗೆ ಹೊರಳುತ್ತಿರಲಿಲ್ಲ. ಪಾಸಾದೆ.

ಸರ್ಟಿಫಿಕೇಟು ಮನೆಗೆ ತಂದ ದಿನ ಅಪ್ಪ ಕೈ ತೊಳೆದುಕೊಂಡು ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದ. ಅವನಿಗೆ ಓದಲು ಬರುತ್ತಿರಲಿಲ್ಲ, ಹಾಜರಿ ಪುಸ್ತಕಕ್ಕೆ ರುಜು ಹಾಕಿ ಹಾಕಿ ತನ್ನ ಹೆಸರಿನ ಅಕ್ಷರಗಳು ಮಾತ್ರ ಗುರುತು. ಮೇಲಿಂದ ಕೆಳಗಿನವರೆಗೆ ಹುಡುಕಿದ.

"ನನ್ನೆಸ್ರು ಎಲ್ಲೈತೆ?"

"ಇಲ್ಲ ಕಣಪ್ಪ. ಮದುವೆ ಆದೋರಿಗೆ ಗಂಡನ ಹೆಸ್ರು ಹಾಕ್ತಾರಂತೆ."

"ಓ," ಎಂದ ಅಪ್ಪ. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಆಮೇಲೆ ಜೋಪಾನವಾಗಿ ನನ್ನ ಕೈಗೆ ವಾಪಸು ಕೊಟ್ಟ.