ತ್ರ್ಯಂಬಕ ಮಾಸ್ತರರ ಕಣ್ಣೀರಿನ ಪರೀಕ್ಷೆ

ಶರಾವತಿಗೆ ಸೇತುವೆ ಆಗದ ಕಾಲದಲ್ಲಿ ಹೊನ್ನಾವರದಿಂದ ಕಾಸರಕೋಡಿಗೆ ಲಾಂಚಿನಲ್ಲೇ ದಾಟಬೇಕಿತ್ತು. ಒಮ್ಮೆ ಹತ್ತಿದವರು ಆಚೆ ದಡ ಮುಟ್ಟುವ ತನಕ ಎದ್ದು ಹೋಗುವಂತಿರಲಿಲ್ಲ. ಈ ಅನುಕೂಲವನ್ನು ಇಡೀ ತಾಲೂಕಿನಲ್ಲಿ ಮೊದಲು ಕಂಡುಕೊಂಡವರು ನಮ್ಮ ತ್ರ್ಯಂಬಕ ಹೆಗಡೆ ಮಾಸ್ತರರು. ಅವರು ತಾವು ಬರೆದ ಸಿನೆಮಾ ಕಥೆಯನ್ನು ಲಾಂಚಿನಲ್ಲಿ ಓದುತ್ತಿದ್ದರು.

ನಾವಿಬ್ಬರೂ ಆಚೆ ದಡದ ಒಂದೇ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆವು. ಹಾಗಾಗಿ ಆ ಕಥೆಯ ನಾಯಕ ಸಾಯುವುದನ್ನು ನಾನು ಕೇಳಿದಷ್ಟು ಸಲ ಬೇರೆ ಯಾರೂ ಕೇಳಿರಲಿಕ್ಕಿಲ್ಲ. ನಾಯಕ ಒಬ್ಬ ಕವಿ. ಊರಿಗೆ ಅವನ ಬೆಲೆ ಗೊತ್ತಿಲ್ಲ. ಹೆಂಡತಿ ಅನ್ನ ಬಡಿಸಿಟ್ಟು ಕಾಯುತ್ತಾಳೆ, ಇವನು ಕಾವ್ಯದ ಗುಂಗಿನಲ್ಲಿ ತಡವಾಗಿ ಬರುತ್ತಾನೆ, ಉಪ್ಪು ಹೆಚ್ಚಾಯಿತೆಂದು ಊಟ ಬಿಟ್ಟೆದ್ದು ಪದ್ಯ ಹೇಳುತ್ತಾನೆ. ಕೊನೆಗೆ ಕೆಮ್ಮಿ ಕೆಮ್ಮಿ ಸಾಯುತ್ತಾನೆ. ನಾಯಕನಿಗೂ ತಮಗೂ ಕನ್ನಡಕ ಒಂದೇ ನಮೂನೆಯದು ಎಂಬುದನ್ನು ಬಿಟ್ಟರೆ ಉಳಿದದ್ದೆಲ್ಲ ಶುದ್ಧ ಕಲ್ಪನೆ ಎಂದು ಮಾಸ್ತರರು ಹೇಳುತ್ತಿದ್ದರು.

ಜನರನ್ನು ಅಳಿಸುವ ವಿದ್ಯೆಯ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ. ಮಳೆ ಸುರಿಯಬೇಕು, ದೀಪ ಆರಬೇಕು, ಸಾಯುವವನು ಅವಸರ ಮಾಡದೆ ಉದ್ದ ಮಾತನಾಡಬೇಕು. ಅಷ್ಟಾಗಿಯೂ ಯಾರೂ ಅಳದಿದ್ದರೆ ಮನೆಗೆ ಹೋಗಿ ಇನ್ನೊಬ್ಬರನ್ನು ಸಾಯಿಸಿ ತರುತ್ತಿದ್ದರು. ಆಷಾಢದಲ್ಲಿ ನಾಯಕನ ತಾಯಿ ಹೋದಳು, ಶ್ರಾವಣದಲ್ಲಿ ತಂಗಿ. ನಾವು ಚವತಿಯ ರಜೆ ಮುಗಿಸಿ ಬರುವಷ್ಟರಲ್ಲಿ ಕೊಟ್ಟಿಗೆಯ ದನವೂ ಉಳಿದಿರಲಿಲ್ಲ.

ಹೊನ್ನಾವರದಲ್ಲಿ ಬೆಳಿಗ್ಗೆಯೇ ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಮರಳುತ್ತಿದ್ದ ತಿಮ್ಮಿ ದಿನವೂ ನಮ್ಮ ಲಾಂಚಿನಲ್ಲಿರುತ್ತಿದ್ದಳು. ದನ ಸತ್ತ ದಿನ ಮಾಸ್ತರರು ಓದು ನಿಲ್ಲಿಸಿ ಅವಳ ಕಣ್ಣನ್ನೇ ನೋಡಿದರು.

"ಎಂತ ರೋಗ ಮಾಸ್ತರೆ ದನಕ್ಕೆ?" ಎಂದು ಕೇಳಿದಳು ತಿಮ್ಮಿ. "ನಮ್ಮ ಕೇರೀಲಿ ಒಬ್ಬ ಮದ್ದು ಕೊಡ್ತ. ಮೊದ್ಲೇ ಹೇಳಿದ್ರೆ ಉಳೀತಿತ್ತು."

ಇಂಥ ಜನರ ನಡುವೆ ಕಲೆ ಬದುಕುವುದು ಹೇಗೆ ಎಂದು ಮಾಸ್ತರರು ಆ ದಿನವಿಡೀ ಶಾಲೆಯಲ್ಲಿ ನನ್ನ ತಲೆ ತಿಂದರು.

ಕುಮಟೆಯಲ್ಲಿ ಟೆಂಟು ಸಿನೆಮಾ ನಡೆಸುತ್ತಿದ್ದ ರಮಾನಂದರಿಗೆ ಮದ್ರಾಸಿನ ನಿರ್ಮಾಪಕರೊಬ್ಬರ ಪರಿಚಯವಿತ್ತು. ಮಾಸ್ತರರು ಅವರ ಬೆನ್ನು ಬಿಡಲಿಲ್ಲ. ತಪ್ಪಿಸಿಕೊಳ್ಳಲು ದಾರಿ ಕಾಣದೆ ರಮಾನಂದರು ಒಂದು ಷರತ್ತು ಹಾಕಿದರು.

"ಹೆಂಗಸ್ರು ಅತ್ರೆ ಮಾತ್ರ ಸಿನೆಮಾ ಓಡ್ತದೆ ಮಾಸ್ತರೆ. ಸೋಮವಾರ ನಾ ನಿಮ್ಮ ಲಾಂಚಿಗೇ ಬರ್ತೆ. ಒಬ್ಬಳು ಅತ್ರೂ ಸಾಕು, ನಿಮ್ಮನ್ನ ಮದ್ರಾಸಿಗೆ ಕರ್ಕಂಡು ಹೋಗ್ತೆ. ಯಾರೂ ಅಳದಿದ್ರೆ ಮತ್ತೆ ಈ ಮಾತು ಎತ್ತೂಕಿಲ್ಲ."

ಮಾಸ್ತರರು ರೇಷ್ಮೆಯ ಜುಬ್ಬಾ ಹೊಲಿಯಲು ಕೊಟ್ಟರು. ಆದರೆ ತಿಮ್ಮಿಯನ್ನು ನೆನೆದಾಗಲೆಲ್ಲ ಎದೆ ಡವಗುಟ್ಟುತ್ತಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಗುಂಪಿನಲ್ಲಿ ಒಬ್ಬಳು ಶುರು ಮಾಡಿದರೆ ಉಳಿದವರು ತಾವಾಗಿ ಅಳುತ್ತಾರೆ. ಹಾಗಾಗಿ ಸೋಮವಾರ ಅವರ ಹೆಂಡತಿ ಸುಮತಿಯಕ್ಕನೂ ಲಾಂಚಿಗೆ ಬಂದರು.

"ಅವ ಕೆಮ್ಮಲೆ ಶುರು ಮಾಡಿದ ಕೂಡ್ಲೆ ಸೆರಗು ಕಣ್ಣಿಗೆ ತಗ," ಎಂದು ಮಾಸ್ತರರು ಹತ್ತುವಾಗಲೇ ಅವರಿಗೆ ಹೇಳಿಕೊಡುತ್ತಿದ್ದರು. "ರಾಶಿ ದೊಡ್ಡಕ್ಕೆ ಅಳಡ, ಯನ್ನ ಮಾತು ರಮಾನಂದರಿಗೆ ಕೇಳವು."

ಸುಮತಿಯಕ್ಕ ಅಂಚಿನ ಹಲಗೆಯ ಮೇಲೆ ಹೋಗಿ ಕುಳಿತರು.

ಆ ದಿನ ಮಾಸ್ತರರು ಎಂದೂ ಓದದ ಹಾಗೆ ಓದಿದರು. ತಾಯಿ, ತಂಗಿ, ದನ ಎಲ್ಲರನ್ನೂ ಸಾಲಾಗಿ ದಾಟಿಸಿ, ಲಾಂಚು ನಡುಹೊಳೆಗೆ ಬರುವಾಗ ನಾಯಕನನ್ನು ಕೆಮ್ಮಿಸತೊಡಗಿದರು. ಅದೆಷ್ಟು ಸಹಜವಾಗಿತ್ತೆಂದರೆ ಚುಕ್ಕಾಣಿ ಹಿಡಿದವನು ತಿರುಗಿ ನೀರು ಬೇಕೇ ಎಂದು ಕೇಳಿದ. ನಾಯಕ ಕೊನೆಯ ಪದ್ಯ ಮುಗಿಸಿ ಪ್ರಾಣ ಬಿಟ್ಟ. ಲಾಂಚಿನಲ್ಲಿ ಯಂತ್ರದ ಸದ್ದೊಂದೇ ಉಳಿಯಿತು.

"ಹೋದ್ನ?" ಎಂದಳು ತಿಮ್ಮಿ. "ಆತು, ಪೀಡೆ ಕಳೀತು. ಆ ಹೆಂಗ್ಸು ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಉಣ್ಲಿ."

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಮಾಸ್ತರರ ಮುಖ ಬಿಳುಚಿಕೊಂಡಿತು. ಆದರೆ ರಮಾನಂದರು ಮಾತ್ರ ನಗದೆ, ಅಂಚಿನ ಹಲಗೆಯ ಕಡೆ ಕೈ ತೋರಿಸಿದರು.

ಸುಮತಿಯಕ್ಕ ಅಳುತ್ತಿದ್ದರು. ಸೆರಗು ಮಡಿಲಿನಲ್ಲೇ ಇತ್ತು. ಕಣ್ಣೀರು ಗಲ್ಲದ ತನಕ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಎಚ್ಚರವೂ ಅವರಿಗಿರಲಿಲ್ಲ. ಹೇಳಿಕೊಟ್ಟ ಅಳು ಹಾಗಿರುವುದಿಲ್ಲ.

"ಮದ್ರಾಸು ಗಟ್ಟಿ ಮಾಸ್ತರೆ," ಎಂದು ರಮಾನಂದರು ಕೈ ಕುಲುಕಿದರು.

ಮಾಸ್ತರರು ಹಿಗ್ಗಿ ಹೆಂಡತಿಯ ಹತ್ತಿರ ಹೋದರು. "ಯಾವ ಮಾತಿಗೆ ಅಳು ಬಂತು? ಹೇಳು, ಆ ಜಾಗವನ್ನ ಇನ್ನೂ ಸ್ವಲ್ಪ ಬೆಳೆಸಲಕ್ಕು."

"ಕತೆ ಕೇಳಿದ್ದಿಲ್ಲೆ," ಎಂದರು ಸುಮತಿಯಕ್ಕ. "ಆಚೆ ದಡ ಕಂಡತು. ಆಯಿ ಮಕ ನೋಡ್ದೆ ನಾಲ್ಕು ವರ್ಷ ಆತು."

ಅವರ ತವರು ಮಂಕಿ. ಆಚೆ ದಡದಲ್ಲಿ ಭಟ್ಕಳದ ಬಸ್ಸು ಹತ್ತಿದರೆ ಎಲೆಯಡಿಕೆ ಬಾಯಲ್ಲಿರುವಾಗಲೇ ಬರುವ ಊರು. ಗಂಡ ಆ ಹೊಳೆಯನ್ನು ದಿನಾ ಎರಡು ಸಲ ದಾಟುತ್ತಿದ್ದರು, ಹೆಂಡತಿ ಈಚೆ ದಡದಲ್ಲಿ ಕಷಾಯ ಕುದಿಸುತ್ತಿದ್ದರು. ನನಗೆ ನಕ್ಕದ್ದಕ್ಕೆ ನಾಚಿಕೆಯಾಯಿತು, ಮಾಸ್ತರರ ಮೇಲೆ ಕೆಟ್ಟ ಸಿಟ್ಟೂ ಬಂತು. ತಿಮ್ಮಿ ಮುಖ ಆಚೆ ತಿರುಗಿಸಿ ಮೂಗೊರೆಸಿಕೊಂಡಳು.

ಮಾಸ್ತರರ ದನಿ ಇಳಿಯಿತು. "ಯಂಗೆ ಒಂದು ಮಾತು ಮೊದ್ಲೇ ಹೇಳಕ್ಕಾಗಿತ್ತು," ಎಂದರು.

"ಹೇಳಿದ್ದೆ," ಎಂದರು ಸುಮತಿಯಕ್ಕ. "ಹೋದ ದೀಪಾವಳಿಗೆ, ಒಲೆ ಮುಂದೆ ಕೂತು ಅತ್ಕಂಡು ಹೇಳಿದ್ದೆ. ನಿಂಗ 'ಮಾತು ಚೊಲೋ ಇದ್ದು, ಇನ್ನೊಂದ್ಸಲ ಹೇಳು' ಹೇಳಿ ಬರ್ಕಂಡ್ರಿ."

ಲಾಂಚು ದಡ ಮುಟ್ಟಿತು. ಭಟ್ಕಳದ ಬಸ್ಸು ನಿಂತಿತ್ತು. ಸುಮತಿಯಕ್ಕ ಇಳಿದು ನೇರ ನಡೆದರು, ತಿಮ್ಮಿ ಬುಟ್ಟಿ ಕಂಕುಳಿಗೇರಿಸಿ ಅವರ ಜೊತೆ ಹೋಗಿ ಮಂಕಿಗೆ ಟಿಕೇಟು ತೆಗೆದುಕೊಟ್ಟಳು.