ರಾಯಬಾಗದ ಅಕ್ಕೋರಿಗೆ ಬಂದ ಪತ್ರ

ಮೊನ್ನೆ ನಿಪ್ಪಾಣಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕೋಡಿಯಲ್ಲಿ ನಾನು ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿನ ಕೋಣೆ ಕಣ್ಣಮುಂದೆ ಬಂತು. ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಸ್ಟೆನ್ಸಿಲ್ ಹಾಳೆಯ ಮೇಲಿನ ತಪ್ಪು ಅಕ್ಷರ ಮುಚ್ಚಲು ಹಚ್ಚುತ್ತಿದ್ದ ಕೆಂಪು ದ್ರಾವಣಕ್ಕೆ ಥೇಟ್ ಇದೇ ವಾಸನೆ...

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ಭಾನುವಾರ ಕ್ಲಾಸಿಗೆ ರಜೆ. ಅಂದು ನಾವು ಆರು ಜನ ಬಾಗಿಲು ಹಾಕಿಕೊಂಡು ಕೂಡುತ್ತಿದ್ದೆವು. ಈಗ ಪೇಪರಿನಲ್ಲೇ ಸಲಿಂಗಪ್ರೇಮಿಗಳು ಎಂದು ಬರೆಯುತ್ತಾರೆ. ಆಗ ನಾವು 'ನಮ್ಮ ಮಂದಿ' ಎಂದಷ್ಟೇ ಅನ್ನುತ್ತಿದ್ದೆವು. ನಾವು ಬರೆದದ್ದನ್ನು ಯಾವ ಪ್ರಕಾಶಕ ಮುಟ್ಟಿಯಾನು? ನಾವೇ ಟೈಪ್ ಮಾಡಿ, ಪ್ರತಿ ತೆಗೆದು, ದಾರದಿಂದ ಹೊಲಿದು, ಹೆಸರು ಹಾಕದೆ ವಾಚನಾಲಯದ ಕಪಾಟಿನಲ್ಲೂ ಬಸ್ಸಿನ ಸೀಟಿನ ಮೇಲೂ ಇಟ್ಟು ಬರುತ್ತಿದ್ದೆವು. ಹಿಂಬದಿಗೆ ಪೋಸ್ಟ್ ಬಾಕ್ಸ್ ನಂಬರು ಮಾತ್ರ. ಓದಿದವರಿಂದ ಒಂದಾದರೂ ಪತ್ರ ಬಂದರೆ ಮಾತ್ರ ಬರೆದವರ ಎರಡನೇ ಪುಸ್ತಕ ಎಂಬುದು ನಮ್ಮ ಕರಾರು. ಬಾಕ್ಸಿನ ಕೀಲಿ ನನ್ನ ಹತ್ತಿರ ಇತ್ತು.

ಆರರಲ್ಲಿ ಐವರು ಗಂಡಸರು. ಹೆಂಗಸೆಂದರೆ ರಾಯಬಾಗದ ಅಕ್ಕೋರು ಒಬ್ಬರೇ. ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಕಬ್ಬಿನ ಹೊಲದಲ್ಲಿ ಕೂಲಿಗೆ ಹೋಗುವ ಇಬ್ಬರು ಹೆಂಗಸರ ಪ್ರೀತಿಯ ಕಥೆ ಬರೆದು ತಂದರು. ಓದಿ ಮುಗಿಸಿದಾಗ ಕಾಗವಾಡದ ಗೆಳೆಯ ಕಣ್ಣೊರೆಸಿಕೊಂಡ. ಹಿಂದಿನ ತಿಂಗಳು ನಾನು ನನ್ನ ಕಥೆ ಓದಿದಾಗ ಇದೇ ಪುಣ್ಯಾತ್ಮ ಆಕಳಿಸಿದ್ದ! ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ಉರಿದುಹೋಯಿತು. ಮೇಲಾಗಿ ಅದನ್ನು ಟೈಪ್ ಮಾಡುವ ಪಾಳಿಯೂ ನನ್ನದೇ. ಒಂದೊಂದು ಸಾಲು ಹೊಡೆಯುವಾಗಲೂ 'ಇದು ನನಗೇಕೆ ಹೊಳೆಯಲಿಲ್ಲ' ಎಂದು ಹಲ್ಲು ಕಡಿದೆ.

ನನ್ನ ಪುಸ್ತಕಕ್ಕೆ ಒಂದು ಕಾರ್ಡೂ ಬರಲಿಲ್ಲ. ಅಕ್ಕೋರ ಪುಸ್ತಕ ಹೊರಗೆ ಹೋದ ಹದಿನೈದೇ ದಿನಕ್ಕೆ ಇನ್‌ಲ್ಯಾಂಡ್ ಲೆಟರ್ ಬಂತು. ಹೆಂಗಸಿನ ಅಕ್ಷರ. "ಇದನ್ನ ಬರದವ್ರು ಯಾರ್ರಿ? ನಾನೂ ಹಿಂಗ ಅದೀನಿ. ನಾ ಒಬ್ಬಾಕೀನ ಅಂದ್ಕೊಂಡಿದ್ದೆ. ಒಮ್ಮೆ ಭೆಟ್ಟಿ ಆಗ್ರಿ."

ಮಡಚಿ ಜೇಬಿಗೆ ಹಾಕಿಕೊಂಡೆ. ನನಗೂ ಒಂದು ಬರಲಿ, ಆಮೇಲೆ ಇದನ್ನು ಕೊಟ್ಟರಾಯಿತು ಎಂದುಕೊಂಡೆ. ನನಗೆ ಬರಲೇ ಇಲ್ಲ.

ಪ್ರತಿ ಭಾನುವಾರ ಅಕ್ಕೋರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು. "ಏನರ ಬಂತೇನ್ರಿ ಮಾಸ್ತರ?"

"ಇಲ್ರಿ ಅಕ್ಕೋರ."

ಆರು ತಿಂಗಳು ಹೀಗೇ... ಕೊನೆಗೊಂದು ದಿನ ಎರಡನೇ ಪುಸ್ತಕದ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ನಕ್ಕರು. "ಹೋಗ್ಲಿ ಬಿಡ್ರಿ. ನನ್ನಂಥಾಕಿ ಈ ಸೀಮ್ಯಾಗ ಇನ್ನೊಬ್ಬಾಕಿ ಇಲ್ಲ ಅಂತಾದ್ರೂ ಗೊತ್ತಾತಲ್ಲ."

ಪತ್ರ ಆಗಲೂ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಮರುವಾರದಿಂದ ಅವರು ಬರಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರೆಂದು ಅಥಣಿಯ ಗೆಳೆಯ ಫೋನು ಮಾಡಿ ಹೇಳಿದ. ಕೊನೆಯವರೆಗೂ ಒಬ್ಬರೇ ಇದ್ದರಂತೆ. ಮತ್ತೆ ಬರೆಯಲೇ ಇಲ್ಲವಂತೆ. ನಮ್ಮ ಆರು ಜನರಲ್ಲಿ ಅವರಷ್ಟು ಚೆನ್ನಾಗಿ ಬರೆಯುವವರು ಯಾರೂ ಇರಲಿಲ್ಲ. ಇದನ್ನು ಹೇಳುವಾಗ ಈಗಲೂ ಒಳಗೆ ಸಣ್ಣಗೆ ಉರಿಯುತ್ತದೆ, ನಾಚಿಕೆಗೇಡಿ ನಾನು. ಪತ್ರ ಇನ್ನೂ ಇದೆ. ಬರೆದಾಕೆ ದಿಗ್ಗೇವಾಡಿಯವಳು. ಅಕ್ಕೋರ ಮನೆಯಿಂದ ಬಸ್ಸಿಗೆ ಹೋಗಿದ್ದರೆ ಒಂದು ತಾಸೂ ಹಿಡಿಯುತ್ತಿರಲಿಲ್ಲ.